ಆರು ಗಂಟೆಯ ಶಟಲ್

ಕಾಕ್ಕನಾಡಿನ ಆಫೀಸಿನಲ್ಲಿ ನಮ್ಮ ತಂಡವನ್ನು ನೋಡಿಕೊಳ್ಳುತ್ತಿದ್ದವರು ಹುಬ್ಬಳ್ಳಿಯವರು. ಅಲ್ಲಿನ ಮಲಯಾಳಿಗಳಿಗೆ ಅವರು ಚೇಚಿ, ನನಗೆ ಅಕ್ಕ. ಸಂಜೆ ಆರಾದರೆ ಮೇಜಿನ ಕೆಳಗಿನಿಂದ ಶೂ ಎಳೆದು ಹಾಕಿಕೊಂಡು ಶಟಲ್ ಆಡಲು ಹೊರಟುಬಿಡುತ್ತಿದ್ದರು. "ಇಷ್ಟು ಬೇಗ ಹೊರಟ್ರಾ ಅಕ್ಕ?" ಎಂದರೆ, "ಇದೂ ಕೆಲಸಾನ ನೋಡು" ಎನ್ನುತ್ತಿದ್ದರು.

ಒಮ್ಮೆ ಹೊಸ ಮ್ಯಾನೇಜರ್ ದಿನಾ ಆರಕ್ಕೆ ಮೀಟಿಂಗ್ ಇಟ್ಟರು. ತಪ್ಪಿಸಿಕೊಳ್ಳಲು ಒಬ್ಬರು ಮಗುವಿಗೆ ಜ್ವರ ಎಂದರು, ಇನ್ನೊಬ್ಬರು ಹಲ್ಲುನೋವು ಎಂದರು. ಅಕ್ಕನ ಬಡ್ತಿ ಆಗ ಆ ಮ್ಯಾನೇಜರ್ ಕೈಯಲ್ಲೇ ಇತ್ತು. ಆದರೂ ಎಲ್ಲರೆದುರು, "ಆರಕ್ಕೆ ನನಗೆ ಆಗಲ್ಲ ಸರ್, ಶಟಲ್ ಇದೆ" ಎಂದರು.

"ಆಟಕ್ಕೋಸ್ಕರವಾ?"

"ಹೌದು ಸರ್. ದಿನವಿಡೀ ಕೂತೇ ಇರ್ತೀವಿ. ಆಡಿದರೆ ಬೆನ್ನು ನೋಯಲ್ಲ, ಮರುದಿನ ಕೆಲಸವೂ ಚೆನ್ನಾಗಾಗುತ್ತೆ. ನಾಲ್ಕಕ್ಕೆ ಇಟ್ಟರೆ ಖಂಡಿತ ಇರ್ತೀನಿ."

ಮ್ಯಾನೇಜರ್ ಮೀಟಿಂಗಿನ ಸಮಯ ಬದಲಿಸುತ್ತಾ, "ಸರಿ, ನಾಲ್ಕಕ್ಕೇ ಸೇರೋಣ" ಎಂದರು.

ಬಡ್ತಿ ಮಾತ್ರ ಆ ಸಲ ಬೇರೆಯವರಿಗೆ ಹೋಯಿತು. ಸುದ್ದಿ ಬಂದ ಸಂಜೆ ಅಕ್ಕ ಬಡ್ತಿ ಸಿಕ್ಕವರ ಕೈ ಕುಲುಕಿ, ನಗುತ್ತಲೇ ಮಾತಾಡಿಸಿ, ಎಂದಿನಂತೆ ಎದ್ದರು. ಬಾಗಿಲ ಹತ್ತಿರ ನನ್ನ ಕಡೆ ತಿರುಗಿ, "ನನ್ನ ಕಡೆ ಇನ್ನೊಂದು ಬ್ಯಾಟ್ ಐತಿ, ಬರ್ತೀಯೇನು?" ಎಂದರು.

ನಾನು ಲ್ಯಾಪ್‌ಟಾಪ್ ಮುಚ್ಚಿದೆ.