ಸಾವ್ಕಾರರಿಗೆ ಮಾತ್ರ ಗೊತ್ತಿದ್ದ ನಂಬರು

ಅಂಗಡಿಗಳಲ್ಲಿ ಕಾರ್ಡಿನಿಂದ ಹಣ ಪಡೆಯುವ ಮಷಿನ್ ಇರುತ್ತದಲ್ಲ, ಅದನ್ನು ಕೂರಿಸುವುದು, ಕೆಟ್ಟರೆ ನೋಡುವುದು ನನ್ನ ಕೆಲಸ. ಮನೆ ನಿಪ್ಪಾಣಿಯಲ್ಲಿ. ಸ್ಕೂಟರ್ ಮೇಲೆ ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿ ಎಂದು ತಿರುಗುತ್ತೇನೆ. ಹೆಣ್ಣುಮಗಳು ಮಷಿನ್ ರಿಪೇರಿ ಮಾಡುತ್ತಾಳೆ ಎಂದು ಸುತ್ತ ನಿಂತು ನೋಡುವವರನ್ನು ಕಂಡರೆ ಈಗಲೂ ನನಗೆ ಪಿತ್ತ ನೆತ್ತಿಗೇರುತ್ತದೆ.

ಹೋದ ವರ್ಷ ಹೊಸ ಭದ್ರತಾ ನಿಯಮ ಬಂತು. ಹಳೆಯ ಮಷಿನ್‌ಗಳನ್ನೆಲ್ಲ ವಾಪಸ್ ಪಡೆದು ಹೊಸವನ್ನು ಕೊಡಬೇಕು. ಗಡುವು ಮುಗಿದ ಮೇಲೆ ಹಳೆಯವು ತಾವಾಗಿಯೇ ಬಂದ್. ಹೊಸದರ ಗುಂಡಿಗಳ ಸುತ್ತ ಒಂದು ಗಿಡ್ಡ ಮರೆ ಇದೆ. ಗುಟ್ಟಿನ ನಂಬರನ್ನು ಗಿರಾಕಿಯೇ ಒತ್ತಬೇಕು, ಅಂಗಡಿಯವರು ನೋಡಬಾರದು. ಇದನ್ನು ಹೇಳಿಕೊಟ್ಟು, ನನ್ನೆದುರೇ ಒಬ್ಬ ಗಿರಾಕಿಯಿಂದ ಒತ್ತಿಸಿ, ಅಂಗಡಿಯವರ ಸಹಿ ಪಡೆದರೆ ನನ್ನ ಕೆಲಸ ಮುಗಿಯಿತು.

ಹೇಳುವುದಕ್ಕೇನೋ ಸುಲಭ. ರಾಯಬಾಗದ ಒಂದು ಬೇಕರಿಯಲ್ಲಿ ಗಿರಾಕಿಯೊಬ್ಬರು ಬೈಕಿನಿಂದ ಇಳಿಯದೆ, ಕಾರ್ಡ್ ಮಾತ್ರ ಒಳಗೆ ಕಳಿಸಿ, ರಸ್ತೆಯಿಂದಲೇ ನಂಬರ್ ಕೂಗಿದರು. ಕಾಗವಾಡದ ಗಿರಾಕಿಯೊಬ್ಬರು ಹುಷಾರು. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ, ಮರಾಠಿಯಲ್ಲಿ ಹೇಳಿದರು. ಅಂಗಡಿಯಲ್ಲಿದ್ದವರಲ್ಲಿ ಮರಾಠಿ ಬಾರದವರು ಒಬ್ಬರೂ ಇರಲಿಲ್ಲ. ಅಂಗಡಿಯವನು ಕೊನೆಯ ಅಂಕಿ ಮರೆತಾಗ ಹಿಂದೆ ನಿಂತವರೇ ನೆನಪಿಸಿದರು.

ಅಥಣಿಯಲ್ಲಿ ಒಂದು ಜವಳಿ ಅಂಗಡಿಗೆ ಹೋದೆ. ಅದು ಜೈನ ಮನೆತನವೊಂದರದು, ಅಜ್ಜನ ಕಾಲದಿಂದ ನಡೆದುಬಂದದ್ದು. ಗಿರಾಕಿಗಳು ಬಿಳಿ ಗಾದಿಯ ಮೇಲೆ ಕೂರುತ್ತಾರೆ, ಅಂಗಡಿಯ ಮಾಲೀಕರಾದ ಸಾವ್ಕಾರರು ಮೂಲೆಯ ಮೇಜಿನ ಹಿಂದೆ. ಸೀರೆ ಆರಿಸಿದ ಮೇಲೆ ಕಾರ್ಡ್ ಮಾತ್ರ ಕೈಯಿಂದ ಕೈಗೆ ದಾಟಿ ಮೇಜಿಗೆ ಹೋಗುತ್ತದೆ. ಹಳೆಯ ಗಿರಾಕಿಗಳ ನಂಬರೆಲ್ಲ ಸಾವ್ಕಾರರ ತಲೆಯಲ್ಲೇ ಇತ್ತು. ಅವರು ಕೇಳುತ್ತಿರಲಿಲ್ಲ, ಗಿರಾಕಿಗಳು ಹೇಳುತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಕೆಟ್ಟ ಮಾತು ಬಂದಿರಲಿಲ್ಲ.

ನಾನು ಮರೆಯನ್ನು ತೋರಿಸಿ ವಿವರಿಸುತ್ತಿದ್ದಂತೆ ಅವರು ಮುಖ ಗಂಟು ಹಾಕಿಕೊಂಡರು.

“ಅಂದ್ರ ನಾ ಕಳ್ಳ ಅಂತೇನ್ರಿ ಮೇಡಮ್ಮಾರ?”

“ನಿಮಗಷ್ಟ ಅಲ್ರಿ, ಎಲ್ಲಾ ಅಂಗಡಿಗೂ ಇದ ನಿಯಮ ಐತ್ರಿ.”

“ಎಲ್ಲಾ ಅಂಗಡಿ ಮಾತ ಬ್ಯಾಡ್ರಿ. ಇಷ್ಟ ದಿನ ನಾ ಒತ್ತಾಂವ, ಈಗ ಒಮ್ಮಿಂದೊಮ್ಮೆ ನೀವ ಒತ್ರಿ, ನಾ ನೋಡೂದಿಲ್ಲ ಅಂದ್ರ ಗಿರಾಕಿ ಏನ್ ತಿಳ್ಕೋತಾರ? ಇಲ್ಲೇ ಏನೋ ಆಗೇತಿ ಅಂತಾರ. ನಮ್ಮಜ್ಜ ಗಳಿಸಿದ ಹೆಸರ ಹೋಗ್ತೈತಿ.”

ನನಗೂ ಸಿಟ್ಟು ಬಂತು. ಬಿಸಿಲಲ್ಲಿ ಬಂದಿದ್ದೆ, ಊಟವಾಗಿರಲಿಲ್ಲ. “ಹಂಗಾರ ಮದಿವಿ ಸೀಜನ್ನಿನಾಗ ಮಷಿನ್ ಬಂದ್ ಆಗ್ತೈತ್ರಿ. ಆಗ ನನಗ ಫೋನ್ ಹಚ್ಚಬ್ಯಾಡ್ರಿ” ಎಂದೆ. ಅವರು ಎದುರಿನ ಹೋಟೆಲಿಗೆ ಕೂಗಿ ನನಗೆ ಚಹಾ ಹೇಳಿದರು. ನಮ್ಮ ಕಡೆ ಜಗಳ ಬೇರೆ, ಚಹಾ ಬೇರೆ. ಅದನ್ನು ಕುಡಿಯುತ್ತಾ ಒಂದು ಒಪ್ಪಂದಕ್ಕೆ ಬಂದೆವು: ಮುಂದೆ ಬರುವ ಗಿರಾಕಿಯಿಂದ ಒತ್ತಿಸಿ ನೋಡುವುದು, ಅವರು ಬೇಜಾರು ಮಾಡಿಕೊಂಡರೆ ನಾನು ಮಷಿನ್ ಚೀಲಕ್ಕೆ ಹಾಕಿಕೊಂಡು ಹೋಗುವುದು.

ಬಂದವರು ಐಗಳಿ ಹಳ್ಳಿಯ ಒಬ್ಬ ಅಜ್ಜಿ. ದ್ರಾಕ್ಷಿ ತೋಟದ ಮನೆಯವರು. ಮೊಮ್ಮಗಳ ಮದುವೆಯ ಜವಳಿಗೆ ಬಂದಿದ್ದರು, ಮೊಮ್ಮಗಳೂ ಜೊತೆಗಿದ್ದಳು. ಸಾವ್ಕಾರರಿಗೆ ಅಜ್ಜಿ ‘ಅಕ್ಕ’, ಅಜ್ಜಿಗೆ ಸಾವ್ಕಾರರು ‘ತಮ್ಮ’. ರಕ್ತಸಂಬಂಧವೇನಲ್ಲ, ಅಂಗಡಿಯಿಂದ ಬೆಳೆದ ನಂಟು. ಅಂಗಡಿಯ ಅರ್ಧ ಕಪಾಟು ಗಾದಿಯ ಮೇಲೆ ಬಿಚ್ಚಿಕೊಂಡ ಮೇಲೆ, ಮೊದಲು ತೋರಿಸಿದ ಸೀರೆಯೇ ಗಟ್ಟಿಯಾಯಿತು. ಅಜ್ಜಿ ಎಲೆ ಅಡಿಕೆಯ ಸಂಚಿಯಿಂದ ಕಾರ್ಡ್ ತೆಗೆದು ಮೇಜಿನತ್ತ ಚಾಚಿದರು.

ಸಾವ್ಕಾರರು ಎದ್ದು ಬಂದು, ಹೊಸ ಮಷಿನ್‌ಗೆ ಕಾರ್ಡ್ ಸಿಕ್ಕಿಸಿ, ಅಜ್ಜಿಯ ಮುಂದೆ ಹಿಡಿದರು.

“ಅಕ್ಕಾ, ನಂಬರ ನೀನ ಒತ್ತು.”

“ಯಾಕೋ ತಮ್ಮಾ, ಮರತಿಯೇನ?”

“ಮರತಿಲ್ಲ.”

“ಮತ್ತ? ಏನರ ಆಗೇತೇನ?”

ಸಾವ್ಕಾರರು ನನ್ನ ಕಡೆ ನೋಡಿದರು, ನಾನು ಹೇಳಿರಲಿಲ್ಲವೇ ಎನ್ನುವ ಹಾಗೆ. ನಾನು ನಿಯಮ ಹೇಳತೊಡಗಿದೆ. ಅಜ್ಜಿ ನನ್ನತ್ತ ತಿರುಗಿಯೂ ನೋಡಲಿಲ್ಲ. ಮಷಿನ್ ತೊಡೆಯ ಮೇಲಿಟ್ಟುಕೊಂಡರು, ಗುಂಡಿ ಮುಟ್ಟಲಿಲ್ಲ. ಅಂಕಿ ಬಾರದವರೇನಲ್ಲ, ಆಗಷ್ಟೇ ಮಗನಿಗೆ ತಾವೇ ಫೋನ್ ಹಚ್ಚಿದ್ದನ್ನು ನಾನು ನೋಡಿದ್ದೆ.

“ಒತ್ತ ಬೇ ಆಯಿ,” ಎಂದಳು ಮೊಮ್ಮಗಳು.

“ಏನ ಒತ್ಲಿ? ನನಗೆಲ್ಲಿ ಗೊತ್ತೈತಿ?”

ಬ್ಯಾಂಕಿನಿಂದ ಕಾರ್ಡ್ ಬಂದಾಗ ಅಜ್ಜಿ ಅದನ್ನು ಸೀದಾ ಈ ಅಂಗಡಿಗೆ ತಂದಿದ್ದರಂತೆ. ಸಾವ್ಕಾರರೇ ಎಟಿಎಂಗೆ ಕರೆದುಕೊಂಡು ಹೋಗಿ ನಂಬರ್ ಹಾಕಿಕೊಟ್ಟಿದ್ದರು. ನಿನಗೆ ಗೊತ್ತಿದ್ದರೆ ಸಾಕು ಎಂದಿದ್ದರಂತೆ ಅಜ್ಜಿ. ಬೇರೆಲ್ಲೂ ಆ ಕಾರ್ಡ್ ಹೊರಗೆ ತೆಗೆದವರಲ್ಲ. ಹೀಗಾಗಿ ಅಜ್ಜಿಯ ನಂಬರ್ ಈ ಭೂಮಿಯ ಮೇಲೆ ಸಾವ್ಕಾರರೊಬ್ಬರಿಗೇ ಗೊತ್ತಿತ್ತು.

ತಮ್ಮೊಬ್ಬರಿಗೇ ಗೊತ್ತು ಎನ್ನುವುದು ಅವರಿಗೂ ಮರೆತೇ ಹೋಗಿತ್ತೆಂದು ಕಾಣುತ್ತದೆ. ಗಾದಿಯ ಅಂಚಿನ ಮೇಲೆ ಕೂತರು.

“ಅಕ್ಕಾ, ಮಿರಜದಾಗ ನಾ ಹೋಗಿಬಿಟ್ಟಿದ್ರ?”

ಹಿಂದಿನ ಮಳೆಗಾಲದಲ್ಲಿ ಅವರು ಎದೆನೋವಿನಿಂದ ಮಿರಜದ ದವಾಖಾನೆಯಲ್ಲಿ ಮಲಗಿದ್ದರೆಂದು ಮೊಮ್ಮಗಳು ನನ್ನ ಕಿವಿಯಲ್ಲಿ ಹೇಳಿದಳು.

“ಬಿಡ್ತು ಅನ್ನೋ,” ಎಂದು ಅಜ್ಜಿ ಗದರಿದರು.

ಅವರು ಅನ್ನಲಿಲ್ಲ. “ಮೇಡಮ್ಮಾರ, ಸ್ವಲ್ಪ ಆ ಕಡೆ ತಿರಗ್ರಿ” ಎಂದು ನನಗೆ ಹೇಳಿದರು. ನಿಯಮ ಕಲಿಸಲು ಬಂದ ನಾನು ಕಪಾಟಿನತ್ತ ಮುಖ ಮಾಡಿ ನಿಂತೆ. ಹಿಂದೆ ಪಿಸುಮಾತು ಕೇಳಿಸಿತು. ಆಮೇಲೆ ಸಾವ್ಕಾರರೂ ಬಂದು ನನ್ನ ಪಕ್ಕದಲ್ಲಿ ಕಪಾಟಿನತ್ತ ತಿರುಗಿ ನಿಂತರು. ನೆಟ್ಟಗೇ ಇದ್ದ ಒಂದು ಸೀರೆಯ ಮಡಿಕೆಯನ್ನು ಮತ್ತೆ ಮತ್ತೆ ಸರಿಮಾಡಿದರು. ಗುಂಡಿಗಳ ಸದ್ದು ತಡೆತಡೆದು ಬಂತು. ಕೊನೆಗೆ ಚೀಟಿ ಹೊರಗೆ ಬಂತು.

ನನ್ನ ಕೆಲಸ ಆಗಿತ್ತು. ಆದರೂ ಖುಷಿಯಾಗಲಿಲ್ಲ. ಎಲ್ಲೋ ಕೂತ ಕಳ್ಳರ ಸಲುವಾಗಿ ಮಾಡಿದ ಮರೆಯನ್ನು ಈ ಇಬ್ಬರ ನಡುವೆ ತಂದು ನಿಲ್ಲಿಸಿದವಳು ನಾನೇ ಅನ್ನಿಸಿತು. ಹಾಗಂತ ನಿಯಮ ತಪ್ಪೆಂದು ಈಗಲೂ ಹೇಳಲಾರೆ. ಸಾವ್ಕಾರರೂ ಆಗ ಹಾಗೆ ಹೇಳುವ ಸ್ಥಿತಿಯಲ್ಲಿರಲಿಲ್ಲ.

“ನಾಳೆ ಮೊಮ್ಮಗಳನ್ನ ಕರ್ಕೊಂಡ ಎಟಿಎಂಗೆ ಹೋಗು,” ಎಂದು ಅಜ್ಜಿಗೆ ಹೇಳಿದರು. “ಈ ನಂಬರ ತಗದ ಬ್ಯಾರೆ ಹಾಕು. ನನಗ ಹೇಳಬ್ಯಾಡ.”

“ನಿನಗ ಹೇಳಬಾರದಂಥಾದ್ದು ನಂದೇನೈತೋ?”

“ಬ್ಯಾಡ ಅಕ್ಕಾ. ನಾ ಕೇಳಿದ್ರೂ ಹೇಳಬ್ಯಾಡ.”

ಅಜ್ಜಿ ಕಾರ್ಡನ್ನು ಸಂಚಿಗೆ ಹಾಕಿ ದಾರ ಬಿಗಿದರು. ಸೀರೆಗಳ ಗಂಟನ್ನು ಮೊಮ್ಮಗಳ ಕೈಗೆ ಕೊಟ್ಟು ಎದ್ದರು. ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ಇತ್ತ ತಿರುಗದೆ ಅಂದರು:

“ಹಂಗಾರ ಇನ್ಮ್ಯಾಗ ನೀನೂ ಎಲ್ಲಾರಂಗ ಬರೇ ಅಂಗಡಿಯಾಂವ ಆದಿ.”

ಸಾವ್ಕಾರರು ನಗಲು ನೋಡಿದರು, ನಗು ಬರಲಿಲ್ಲ. ಮೇಜಿನ ಹಿಂದೆ ಬಗ್ಗಿ, ಹಳೆಯ ಮಷಿನ್ನಿನ ವಯರನ್ನು ತಾವೇ ಕಿತ್ತು, ಅದನ್ನು ನನ್ನ ಕೈಗೆ ಕೊಟ್ಟರು.