ಆಸ್ಪತ್ರೆ ಅಂಗಳದ ನಿಪ್ಪಲ್ ಮರ

ಮಾರೆನ್ ಟೋಫ್ಟೆಯ ಕೈಯಲ್ಲಿ ಮಗು ಅತ್ತದ್ದನ್ನು ಓಡೆನ್ಸ ಊರಿನಲ್ಲಿ ಕಂಡವರು ಕಡಿಮೆ. ಮಕ್ಕಳ ಆಸ್ಪತ್ರೆಯ ಸಂಶೋಧನಾ ವಿಭಾಗದಲ್ಲಿ ನರ್ಸಾಗಿದ್ದೇ ಅವಳ ಕೂದಲು ಬೆಳ್ಳಗಾಗಿತ್ತು. ಕೆಮ್ಮಿನ ಔಷಧಿಯಿಂದ ಹಿಡಿದು ಹೊಸ ಲಸಿಕೆಯವರೆಗೆ ಎಷ್ಟೋ ಪರೀಕ್ಷೆಗಳು ಅವಳ ಕೈಯಿಂದ ಹಾದು ಹೋಗಿದ್ದವು. ಮಗುವಿನ ಕಿವಿಗೆ ಪರೀಕ್ಷೆಯ ನಳಿಕೆ ಇಡುವ ಮೊದಲು ತನ್ನ ಕಿವಿಗೇ ಇಟ್ಟುಕೊಂಡು, "ಒಳಗೆ ಯಾರೋ ಕಚಗುಳಿ ಇಡ್ತಿದಾರೆ ನೋಡು" ಎಂದು ಮೂತಿ ಸೊಟ್ಟ ಮಾಡುವಳು. ಮಗು ನಕ್ಕು ಮುಗಿಸುವಷ್ಟರಲ್ಲಿ ಕೆಲಸವೂ ಮುಗಿದಿರುತ್ತಿತ್ತು. ದೊಡ್ಡವರ ಮುಂದೆ ಮಾತ್ರ ಅವಳ ನಾಲಿಗೆ ಹರಿತ. ಕಾಫಿ ತಣ್ಣಗಾಗಿದ್ದರೆ ಎದುರಿಗಿರುವುದು ಪ್ರೊಫೆಸರ್ ಎಂದೂ ನೋಡದೆ ಬೈದುಬಿಡುವಳು.

ಆ ವರ್ಷದ ಪರೀಕ್ಷೆ ಡಾಕ್ಟರ್ ಆಸ್ಗರ್‌ನದು. ಕೆಲವು ಮಕ್ಕಳಿಗೆ ಕಿವಿತಮಟೆಯ ಹಿಂದೆ ಅಂಟುನೀರು ತುಂಬಿಕೊಂಡು ಕಿವಿ ಮಂದವಾಗುತ್ತದೆ. ಮಕ್ಕಳು ಬರೀ ಸಮಾಧಾನಕ್ಕೆ ಬಾಯಲ್ಲಿಟ್ಟುಕೊಳ್ಳುವ ರಬ್ಬರ್ ನಿಪ್ಪಲ್ ಚೀಪುವುದನ್ನು ಬಿಡಿಸಿದರೆ ಅದು ಬೇಗ ವಾಸಿಯಾದೀತೇ ಎಂಬುದು ಅವನ ಪ್ರಶ್ನೆ. ಹಾಗಾಗಿ ಅರ್ಧ ಮಕ್ಕಳು ಕೂಡಲೇ ನಿಪ್ಪಲ್ ಬಿಡಬೇಕು, ಉಳಿದ ಅರ್ಧ ಬೇಸಿಗೆಯವರೆಗೆ ಎಂದಿನಂತೆ ಚೀಪಿಕೊಂಡಿರಬೇಕು. ಯಾರು ಯಾವ ಗುಂಪು ಎಂಬುದನ್ನು ಕಂಪ್ಯೂಟರೇ ಚೀಟಿ ಎತ್ತಿ ಹೇಳುತ್ತಿತ್ತು. ಗುಂಪುಗಳು ಬೆರೆತುಹೋದರೆ ಹೋಲಿಸಲು ಏನೂ ಉಳಿಯದು, ಪಟ್ಟ ಪಾಡೆಲ್ಲ ನೀರುಪಾಲು.

ಮೂರು ತುಂಬಿದ ಸಿಗ್ನೆ ಚೀಪುವ ಗುಂಪಿಗೆ ಬಿದ್ದಳು. ಅವಳ ಅಪ್ಪ ಟೋರ್ಬೆನ್ ಸಿಟಿ ಬಸ್ಸಿನ ಡ್ರೈವರ್.

"ಟೀವಿ ಎಷ್ಟು ಜೋರಾಗಿ ಹಾಕ್ತಾಳೆ ಅಂದ್ರೆ, ಪಕ್ಕದ ಮನೆಯವರೂ ಕಾರ್ಟೂನ್ ಕತೆ ಬಾಯಿಪಾಠ ಹೇಳ್ತಾರೆ" ಎಂದು ಮೊದಲ ದಿನ ಅವನು ನಗಿಸಿದ್ದ. ಆಮೇಲೆ ನಗು ನಿಲ್ಲಿಸಿ, "ಮಾತೂ ಹಿಂದೆ ಬೀಳ್ತಿದೆ, ಮಾರೆನ್. ನಂಗೆ ಭಯ ಆಗ್ತಿದೆ" ಎಂದಿದ್ದ. ಬೇಸಿಗೆಯ ಹೊತ್ತಿಗೂ ನೀರು ಇಂಗದಿದ್ದರೆ ಕಿವಿಗೆ ಆಪರೇಷನ್ ಎಂಬುದು ಅವನಿಗೆ ಗೊತ್ತಿತ್ತು.

ಎಡವಟ್ಟು ಮಾಡಿದ್ದು ಮಾರೆನ್ನಳ ಉತ್ಸಾಹ. ಆ ನಾಡಿನಲ್ಲಿ ಮಗು ನಿಪ್ಪಲನ್ನು ಸುಮ್ಮನೆ ಬಿಡುವುದಿಲ್ಲ. ಅದಕ್ಕೊಂದು ಮರ ಬೇಕು. ಬಣ್ಣದ ರಿಬ್ಬನ್ನಿನಿಂದ ನಿಪ್ಪಲನ್ನು ಕೊಂಬೆಗೆ ಕಟ್ಟಿ, ಅದಕ್ಕೆ ಟಾಟಾ ಮಾಡಿ, ಸಿಹಿ ತಿಂದು ಮನೆಗೆ ಹೋದರೇ ಬಿಟ್ಟಂತೆ. ಊರ ಪಾರ್ಕಿನಲ್ಲಿದ್ದ ಅಂಥ ಮರ ದೂರವಾಯಿತೆಂದು ಅವಳು ಆಸ್ಪತ್ರೆ ಅಂಗಳದ ಸೇಬಿನ ಮರವನ್ನೇ ಗೊತ್ತು ಮಾಡಿದಳು. ಕಾಗದದ ಬಾವುಟ ಕಟ್ಟಿದಳು, ಮನೆಯಿಂದ ದಾಲ್ಚಿನ್ನಿ ಬನ್ನು ಮಾಡಿ ತಂದಳು, ಬಿಡುವ ಗುಂಪಿನ ಒಂದೊಂದು ಮಗುವಿಗೂ ಮದುವೆಯಷ್ಟು ಸಡಗರ ಮಾಡಿದಳು. ಕಾಯುವ ಕೋಣೆಯ ಕಿಟಕಿಗೆ ಆ ಮರ ನೇರ ಎದುರಿಗಿದೆ, ಒಳಗೆ ಚೀಪುವ ಗುಂಪಿನವರೂ ಕೂತಿರುತ್ತಾರೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಅಷ್ಟು ಓದಿದ ಆಸ್ಗರ್‌ಗೂ ಹೊಳೆಯಲಿಲ್ಲ. ಇಬ್ಬರೂ ಚಿಕ್ಕಂದಿನಲ್ಲಿ ಅಂಥದೇ ಮರಕ್ಕೆ ಕಟ್ಟಿ ಬಂದವರು, ಅಷ್ಟು ರೂಢಿಯಾದದ್ದು ಕಣ್ಣಿಗೆ ಬಿದ್ದರೆ ತಾನೇ.

ವಸಂತದಲ್ಲಿ ಕಿವಿ ತೋರಿಸಲು ಸಿಗ್ನೆಯ ಸರದಿ ಬಂದಾಗ ಟೋರ್ಬೆನ್ ತಲೆ ಕೆರೆದುಕೊಂಡ.

"ಹೋದ ಸಲ ನಾನು ಇವಳ ಕೋಟು ಹುಡುಕ್ತಿದ್ದೆ. ಅಷ್ಟರಲ್ಲಿ ಹೋಗಿ ನಿಪ್ಪಲ್‌ನ ಮರಕ್ಕೆ ಕಟ್ಟಿ ಬಂದುಬಿಟ್ಟಿದಾಳೆ. ಮನೇಲಿ ಬೇರೆ ಕೊಟ್ರೂ ಮುಟ್ಟಲ್ಲ."

ಮಾರೆನ್ ಅಂಗಳಕ್ಕೆ ಓಡಿ ನೋಡಿದರೆ, ಮರದ ತುಂಬ ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ನಿಪ್ಪಲ್. ಚೀಪುವ ಗುಂಪಿನ ಬಹುಪಾಲು ಮಕ್ಕಳು ಕದ್ದುಮುಚ್ಚಿ ದೊಡ್ಡವರಾಗಿಬಿಟ್ಟಿದ್ದರು. ಅವಳು ಆಸ್ಗರ್‌ನನ್ನು ಕರೆತಂದು ತೋರಿಸಿದಳು.

ಕಾರಿಡಾರಿನಲ್ಲಿ ಆಸ್ಗರ್ ಹಣೆ ಹಿಡಿದುಕೊಂಡು ನಿಂತ. ಅರೆ ತೆರೆದ ಬಾಗಿಲಾಚೆ ಸಿಗ್ನೆ ಬೆನ್ನು ತಿರುಗಿಸಿ ಆಟದ ಮರದ ತುಂಡುಗಳನ್ನು ಜೋಡಿಸುತ್ತಿದ್ದಳು.

"ನಿನ್ನ ಬನ್ನು ನನ್ನ ಸಂಶೋಧನೆ ತಿಂದುಹಾಕ್ತು, ಮಾರೆನ್."

"ಬೈಯೋದಿದ್ರೆ ಬೈದು ಮುಗಿಸು. ನೀನೂ ನಾಲ್ಕು ತಿಂದಿದ್ದೆ."

ಅವನು ದನಿ ತಗ್ಗಿಸಿದ. "ಇವಳಿಗಾದ್ರೂ ನಿಪ್ಪಲ್ ವಾಪಸ್ ಕೊಟ್ಟು ನೋಡೋಣ್ವಾ? ಬೇಸಿಗೆವರೆಗೆ ಅಷ್ಟೇ."

"ದೊಡ್ಡವಳಾದೆ ಅಂತ ಕುಣೀತಿರೋ ಮಗೂಗೆ ವಾಪಸ್ ಚಿಕ್ಕವಳಾಗು ಅಂತ ನಾನು ಹೇಳಲ್ಲ. ಬೇಕಾದ್ರೆ ನೀನೇ ಕೇಳು."

"ನಂಗೆ ಬೇಡ" ಎಂದಿತು ಒಳಗಿನಿಂದ ಒಂದು ದನಿ. "ಅದು ಪಾಪುಗಳದು."

ಸಿಗ್ನೆ ತಿರುಗಿಯೂ ನೋಡಿರಲಿಲ್ಲ.

ಮಾರೆನ್ ಉಸಿರಿನಷ್ಟೇ ಮೆಲ್ಲಗೆ, "ಸಿಗ್ನೆ, ಬನ್ನು ಬೇಕಾ?" ಎಂದಳು.

"ಎರಡು. ಅಪ್ಪಂಗೂ ಒಂದು."

ಮಗಳ ಪಕ್ಕದ ಕುರ್ಚಿಯಲ್ಲಿದ್ದ ಟೋರ್ಬೆನ್ ಅವಳ ಕಡೆ ಬಾಗಿದ. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ನಳಿಕೆ ಇಟ್ಟು ನೋಡಿದರು. ಎರಡೂ ಕಿವಿಯಲ್ಲಿ ನೀರು ಇಂಗಿತ್ತು.

"ಒಂದು ಮಗುವಿಂದ ಏನೂ ಸಾಬೀತಾಗಲ್ಲ" ಎಂದ ಆಸ್ಗರ್. "ತಾನಾಗೇ ಇಂಗೋದೂ ಉಂಟು. ಹೊಸ ಮಕ್ಕಳನ್ನ ಹುಡುಕಿ ಮೊದಲಿಂದ ಶುರು ಮಾಡ್ಬೇಕು. ಆ ಮರದ ಕಡೆ ಕಿಟಕಿಗೆ ಪರದೆ ಹಾಕ್ಸು."

"ಹಾಕಿಸ್ತೀನಿ" ಎಂದಳು ಮಾರೆನ್. ಮತ್ತೊಂದು ಪೂರ್ತಿ ವರ್ಷ ಕಿವಿ ನೋಡಬೇಕೆಂದರೆ ಬೇರೆಯವರಿಗೆ ಅಳು ಬರಬೇಕಿತ್ತು. ಸಿಗ್ನೆಗೆ ಕಿವಿ ಕೇಳಿಸಿತೆಂದು ಮಾರೆನ್‌ಗೆ ಕುಣಿಯುವಷ್ಟು ಖುಷಿಯಾಗಿತ್ತು, ಆಸ್ಗರ್ ನೋಡಬಾರದೆಂದು ಕಿಟಕಿಯ ಕಡೆ ತಿರುಗಿದಳು.

ಹೊರಗೆ ಅಂಗಳದಲ್ಲಿ ಟೋರ್ಬೆನ್ ಬೇಕೆಂದೇ ನಾಲ್ಕು ಹೆಜ್ಜೆ ಹಿಂದೆ ಉಳಿದು, ಮೆಲ್ಲಗೆ ಮಗಳ ಹೆಸರು ಹಿಡಿದು ಕರೆದ. ಅವಳು ತಿರುಗಿದಳು. ಇನ್ನೂ ಹಿಂದೆ ಸರಿದು, ಇನ್ನೂ ಮೆಲ್ಲಗೆ ಕರೆದ. ಮತ್ತೆ ತಿರುಗಿದಳು.

"ಏನಪ್ಪಾ, ಎಷ್ಟು ಸಲ ಕರೀತೀಯ?"

ಟೋರ್ಬೆನ್ ಇನ್ನೊಮ್ಮೆ ಕರೆದ.