ಲೂರ್ದಮ್ಮ ಒಡೆಸಿದ ಕಟ್ಟೆ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಬಿಟ್ಟ ಮೇಲೆ ಅಂತೋಣಪ್ಪ ಊರಾಚೆಯ ಕಡಿದಾದ ಗುಡ್ಡಕ್ಕೆ ಕಲ್ಲಿನ ಕಟ್ಟೆಗಳನ್ನು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಪಾತಿ ಮಾಡಿ ನಾಟಿ ದ್ರಾಕ್ಷಿ ಹಬ್ಬಿಸಿದ. ಚರ್ಚಿನ ಪೂಜೆಗೆ ದ್ರಾಕ್ಷಾರಸ ಮಾಡಿಕೊಡಲು ಅವನಿಗೆ ಪರವಾನಗಿ ಇತ್ತು. ಸಕ್ಕರೆಯಿಲ್ಲ, ಹೆಪ್ಪಿಲ್ಲ; ತುಳಿದ ಹಣ್ಣು ಜಾಡಿಯಲ್ಲಿ ತಾನಾಗಿಯೇ ಉಕ್ಕಿ ಹುಳಿಯಬೇಕು. ತಂಪಿರಲೆಂದು ಮೇಲಿನ ಪಾತಿಯಲ್ಲಿ ನೆಲಮಾಳಿಗೆ ತೋಡಿದ್ದ. ಅದರ ಹೊರಗೋಡೆಯೇ ಕೆಳಗಿನ ಪಾತಿಗೆ ಮುಖಮಾಡಿದ ಕಲ್ಲಿನ ಕಟ್ಟೆ.

ಹೆಂಡತಿ ಲೂರ್ದಮ್ಮನಿಗೆ ಆ ನೆಲಮಾಳಿಗೆ ಕಂಡರೆ ಭಯ. "ರಸ ಉಕ್ಕೋವಾಗ ಕೆಟ್ಟ ಗಾಳಿ ಬರುತ್ತೆ. ನೀರಿನ ಹಾಗೆ ತಳದಲ್ಲಿ ನಿಲ್ಲುತ್ತೆ. ದೀಪ ಆರಿದ್ರೆ ಇಳೀಬಾರದು" ಎಂದು ಗಂಡನೇ ಹೇಳಿದ್ದ.

ಹಣ್ಣು ಹೆಚ್ಚು ಬಂದ ವರ್ಷ, ಒಂದು ಬೆಳಿಗ್ಗೆ, ಅವಳು ಬಟ್ಟೆ ಒಗೆಯುತ್ತಿದ್ದಾಗ ಅವನೊಬ್ಬನೇ ಇಳಿದ. ಕರೆದರೆ ಓಗೊಡಲಿಲ್ಲ. ಬಗ್ಗಿ ನೋಡಿದಳು. ಮೆಟ್ಟಿಲಿಗೆ ತಲೆಯಾನಿಸಿ ಬಿದ್ದಿದ್ದ. ಪಕ್ಕದ ಲಾಟೀನು ಆರಿತ್ತು.

ಅವಳ ಕೂಗಿಗೆ ಪಕ್ಕದ ಹೊಲದ ಉಜ್ಜನಪ್ಪ ಹಾರೆ ಹಿಡಿದೇ ಓಡಿಬಂದ. ಇಳಿಯಹೊರಟವನ ತೋಳನ್ನು ಅವಳು ಬಿಡಲಿಲ್ಲ.

"ಇಳೀಬೇಡಣ್ಣ. ನೀನೂ ಅಲ್ಲೇ ಬೀಳ್ತೀಯ."

"ಹಂಗಂತ ನೋಡ್ತಾ ನಿಲ್ಲೋಕಾಗುತ್ತಾ?"

ನೀರಿನ ಹಾಗೆ ನಿಲ್ಲುವುದಾದರೆ ಕಟ್ಟೆ ಒಡೆದರೆ ಹರಿಯಬೇಕಲ್ಲ ಎಂದು ಅವಳಿಗೆ ಹೊಳೆಯಿತು. ಉಜ್ಜನಪ್ಪನನ್ನು ಕೆಳಗಿನ ಪಾತಿಗೆ ಎಳೆದೊಯ್ದಳು. "ಬುಡದ ಕಲ್ಲು ಮೀಟು. ಪಕ್ಕಕ್ಕೆ ನಿಂತ್ಕೋ."

ಕಲ್ಲುಗಳು ಉರುಳಿದವು. ಒಳಗೆ ಜಾಡಿ ಒಡೆದು ಕೆಂಪು ರಸ ಸುರಿಯಿತು. ಆದರೆ ಗಾಳಿ ಹೋಯಿತೋ ಇಲ್ಲವೋ ಕಣ್ಣಿಗೆ ಕಾಣುವಂತಿರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು. ಮೇಲೆ ಬಂದು ಚಿಮಣಿ ದೀಪ ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟಳು. ಆರಿತು. ಮತ್ತೆ ಹಚ್ಚಿ ಇಳಿಬಿಟ್ಟಳು. ಈ ಸಲ ಉರಿ ಸಣ್ಣಗಾದರೂ ಆರದೆ ನಿಂತಿತು. ಆಗ ಉಜ್ಜನಪ್ಪನನ್ನು ಇಳಿಯಗೊಟ್ಟಳು. ಅವನು ಅಂತೋಣಪ್ಪನನ್ನು ಹೊತ್ತು ಮೇಲೆ ತಂದ.

ತಲೆ ಮೆಟ್ಟಿಲ ಮೇಲೆ ಎತ್ತರದಲ್ಲಿದ್ದುದರಿಂದ ಅಂತೋಣಪ್ಪನಿಗೆ ಇನ್ನೂ ಉಸಿರಿತ್ತು. ಸಂಜೆಯ ಹೊತ್ತಿಗೆ ಹೆಂಡತಿಯ ಗುರುತು ಹತ್ತಿತು.

ಚೇತರಿಸಿಕೊಂಡವನೇ, ಬಿಸಿಲು ನುಗ್ಗಿದರೆ ರಸ ಕೆಡುತ್ತದೆ, ಕಟ್ಟೆಯ ಕಂಡಿ ಮುಚ್ಚುತ್ತೇನೆ ಎಂದ.

"ಮುಚ್ಚಿದ ದಿನ ನಾನು ತವರಿಗೆ ಹೋಗ್ತೀನಿ" ಎಂದಳು.

ಕಂಡಿ ಉಳಿಯಿತು. ಆ ವರ್ಷದ ರಸ ತುಸು ಹುಳಿಯಾಗಿತ್ತು. ಪಾದ್ರಿಗಳು ಅದನ್ನೇ ತೆಗೆದುಕೊಂಡರು. ಮುಂದಿನ ಸುಗ್ಗಿಯಿಂದ ಅವನು ಒಳಗಿರುವಷ್ಟು ಹೊತ್ತೂ ಏನಾದರೂ ಮಾತಾಡುತ್ತಲೇ ಇರಬೇಕೆಂದು ಅವಳು ಕಟ್ಟುಮಾಡಿದಳು. ಅವನು ಉಂಡ ಸಾರಿನ ಸುದ್ದಿ, ಕಾರ್ಖಾನೆಯ ಹಳೇ ಸುದ್ದಿ ಹೇಳುತ್ತಿದ್ದ. ನಡುವೆ ಮಾತು ನಿಂತರೆ ಅವಳು ಸೆರಗು ಬಿಗಿದುಕೊಂಡು ನೆಲಮಾಳಿಗೆಯ ಬಾಗಿಲಿಗೆ ಬರುತ್ತಿದ್ದಳು.